ಹೊಸ ಮನೆಗೆ ದಾರಿ ಹಳೆ ಮನೆಯಿಂದ

(ಕಲಿಕಾ ಕೇಂದ್ರದಲ್ಲಿ ತೋಟದ ಕೆಲಸದ ಗುಂಪಿನವರು ಆಡಿದ ಮಾತು)



ನಾವು ಆರು ಜನ. ನಾಲ್ಕು ಹೆಂಗಸರು, ಇಬ್ಬರು ಗಂಡಸರು. ಬೆಂಗಳೂರಿನಲ್ಲಿ ತೋಟದ ಕೆಲಸ ಮಾಡುತ್ತೇವೆ. ತೋಟ ಅಂದರೆ ತೆಂಗು, ಅಡಿಕೆಯ ತೋಟ ಅಲ್ಲ. ಮನೆ ಮುಂದಿನ ಕೈತೋಟ. ಹೂಗಿಡ, ಹುಲ್ಲುಹಾಸು, ಬೇಲಿ ಗಿಡ, ತಾರಸಿ ಮೇಲಿನ ಕುಂಡ. ಇವನ್ನು ಮಾಡಿಕೊಡುತ್ತೇವೆ. ಮಾಡಿದ ಮೇಲೆ ನೋಡಿಕೊಳ್ಳುತ್ತೇವೆ.

ಈ ಊರಿಗೆ ತೋಟದ ಕೆಲಸ ಹೊಸದಲ್ಲ. ಲಾಲ್‌ಬಾಗ್ ತೋಟವನ್ನು ಹೈದರಾಲಿ 1760ರಲ್ಲಿ ಶುರು ಮಾಡಿಸಿದ. ಅವತ್ತಿನಿಂದ ಇವತ್ತಿನವರೆಗೆ ಮಣ್ಣು ಅಗೆದವರು, ನೀರು ಹೊತ್ತವರು ನಮ್ಮಂಥವರೇ. ಕೆಲಸ ನಮಗೆ ಗೊತ್ತು. ಕೆಲಸ ಕೊಡುವವರು ನಮಗೆ ಸಿಗಬೇಕು. ಅವರು ಎಲ್ಲಿ ಸಿಗುತ್ತಾರೆ, ಹೇಗೆ ಸಿಗುತ್ತಾರೆ? ಇವತ್ತು ಅದನ್ನೇ ಮಾತಾಡೋಣ.

ಗಿರಾಕಿಯನ್ನು ನಾವೇ ಯಾಕೆ ಹುಡುಕಬೇಕು?

ಮೊದಲು ನಾವೆಲ್ಲ ಒಬ್ಬ ಗುತ್ತಿಗೆದಾರರ ಕೈಕೆಳಗೆ ದಿನಗೂಲಿ ಮಾಡುತ್ತಿದ್ದೆವು. ಕರೆದ ದಿನ ಕೂಲಿ. ಕರೆಯದ ದಿನ ಇಲ್ಲ. ಮುಂಗಾರಿನಲ್ಲಿ ಉಸಿರಾಡಲು ಬಿಡುವಿಲ್ಲ. ಮಾರ್ಚ್, ಏಪ್ರಿಲ್ ಬಂದರೆ ಕೈ ಖಾಲಿ.

ಒಂದು ದೊಡ್ಡ ಮನೆಯ ತೋಟ ಮುಗಿಸಿದಾಗ ಹನ್ನೊಂದು ದಿನದ ಕೂಲಿ ಬಾಕಿ ಉಳಿಯಿತು. ಕೇಳಿದರೆ, "ಮನೆಯವರು ಇನ್ನೂ ಕೊಟ್ಟಿಲ್ಲ" ಎಂದರು. ಮನೆಯವರನ್ನೇ ಕೇಳೋಣ ಅಂತ ಹೋದೆವು. "ನಾವು ಕೊಟ್ಟಾಯ್ತಲ್ಲ. ನೀವು ಯಾರು?" ಎಂದರು. ಅವರ ಅಂಗಳದ ಪ್ರತಿ ಗಿಡವೂ ನಾವು ನೆಟ್ಟದ್ದು. ಆದರೆ ಅವರಿಗೆ ನಮ್ಮ ಹೆಸರೇ ಗೊತ್ತಿರಲಿಲ್ಲ. ಆ ಹಣ ಬರಲೇ ಇಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೈ ಯಾರದು ಅಂತ ಗೊತ್ತಿಲ್ಲದಿದ್ದರೆ ಮೊಸರು ಬೇರೆಯವರ ಬಾಯಿಗೆ ಹೋಗುತ್ತದೆ. ಅದಕ್ಕೇ ನಾವು ಆರು ಜನ ಸೇರಿ ಸ್ವಂತ ಕೆಲಸ ಹಿಡಿದೆವು. ಸ್ವಂತ ಕೆಲಸ ಅಂದರೆ ಸ್ವಂತ ಗಿರಾಕಿ ಬೇಕೇ ಬೇಕು.

ಎರಡು ಥರದ ಕೆಲಸ

ಗಿರಾಕಿ ಹುಡುಕುವ ಮುಂಚೆ ಒಂದು ಮಾತು. ತೋಟದ ಕೆಲಸದಲ್ಲಿ ಎರಡು ಥರ ಇದೆ.

ಒಂದು, ಹೊಸ ತೋಟ ಮಾಡಿಕೊಡುವುದು. ಇದರಲ್ಲಿ ಒಂದೇ ಸಲ ಹಣ ಬರುತ್ತದೆ. ಮುಗಿದ ಮೇಲೆ ಇಲ್ಲ.

ಇನ್ನೊಂದು, ತಿಂಗಳ ನಿಗಾ. ವಾರಕ್ಕೊಮ್ಮೆ ಹೋಗಿ ಕಳೆ ಕೀಳುವುದು, ಸವರುವುದು, ಪಾತಿ ಬಿಡಿಸುವುದು, ಗೊಬ್ಬರ ಕೊಡುವುದು. ಇದರಲ್ಲಿ ಹಣ ಕಡಿಮೆ. ಆದರೆ ತಿಂಗಳು ತಿಂಗಳು ಬರುತ್ತದೆ.

ಹೊಸ ತೋಟ ಹಬ್ಬದ ಊಟ. ತಿಂಗಳ ನಿಗಾ ದಿನದ ಮುದ್ದೆ. ಹಬ್ಬದ ಊಟ ನೆಚ್ಚಿಕೊಂಡು ವರ್ಷ ಕಳೆಯೋಕೆ ಆಗುತ್ತಾ?

ಬನ್ನಿ, ಲೆಕ್ಕ ಮಾಡೋಣ. ಒಬ್ಬರು ದಿನಕ್ಕೆ 4 ಮನೆ ನೋಡಿಕೊಳ್ಳಬಹುದು. ವಾರಕ್ಕೆ 6 ದಿನ ಕೆಲಸ. 4 × 6 = 24 ಮನೆ. ಒಂದು ಮನೆಗೆ ತಿಂಗಳಿಗೆ 800 ರೂಪಾಯಿ ಅಂತ ಇಟ್ಟುಕೊಳ್ಳಿ. 24 × 800 = 19,200 ರೂಪಾಯಿ. ಇದರಲ್ಲಿ ಓಡಾಟ, ಕತ್ತರಿ ಸಾಣೆ, ಗೊಬ್ಬರದ ಖರ್ಚು ಕಳೆಯಿರಿ. ಉಳಿದದ್ದು ನಮ್ಮದು. 800 ಅನ್ನೋದು ಲೆಕ್ಕಕ್ಕೆ ಹೇಳಿದ ಅಂಕಿ. ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕ ಮಾಡಿ.

ಆದ್ದರಿಂದ ಹೊಸ ತೋಟ ಮಾಡಿಕೊಟ್ಟ ದಿನವೇ ಕೇಳಬೇಕು. "ಇದನ್ನು ಯಾರು ನೋಡಿಕೊಳ್ತಾರೆ? ನಾವೇ ಬರಲಾ?"

ಮೊದಲ ಗಿರಾಕಿ ಪಕ್ಕದ ಮನೆಯಲ್ಲಿ

ಗಿರಾಕಿ ಹುಡುಕೋದು ಅಂದರೆ ಊರೆಲ್ಲ ಸುತ್ತಬೇಕು ಅಂದುಕೊಳ್ಳುತ್ತಾರೆ. ಬೇಡ. ಈಗ ಕೆಲಸ ಮಾಡುತ್ತಿರುವ ಮನೆಯ ಎಡಗಡೆ ಒಂದು ಮನೆ ಇದೆ. ಬಲಗಡೆ ಒಂದು. ಎದುರಿಗೆ ಮೂರು. ಆ ಐದು ಮನೆಯವರು ನಮ್ಮ ಕೆಲಸವನ್ನು ದಿನಾ ನೋಡುತ್ತಾರೆ. ಬೋರ್ಡು ಬೇಡ, ಭಾಷಣ ಬೇಡ. ಗಿಡವೇ ಬೋರ್ಡು.

ಆದರೆ ಅವರು ಗಿಡ ಒಂದನ್ನೇ ನೋಡುವುದಿಲ್ಲ. ಕೆಲಸ ಮುಗಿದ ಮೇಲೆ ರಸ್ತೆ ಗುಡಿಸಿದೆವಾ? ಸವರಿದ ಕೊಂಬೆ ಅವರ ಗೇಟಿನ ಮುಂದೆ ಬಿಟ್ಟೆವಾ? ಹೇಳಿದ ದಿನ ಬಂದೆವಾ? ಇದನ್ನೂ ನೋಡುತ್ತಾರೆ. ಒಂದು ಪೊರಕೆ ಜೊತೆಗೇ ಇರಲಿ. ಕೊನೆಯ ಹತ್ತು ನಿಮಿಷ ಪೊರಕೆಗೆ ಮೀಸಲು.

ಮಾತು ಹೇಗೆ ಶುರು ಮಾಡೋದು? ನಮ್ಮ ಗುಂಪಿನ ಹಿರಿಯಕ್ಕ ಒಂದು ದಿನ ಎದುರು ಮನೆಯ ಅಮ್ಮನ ಹತ್ತಿರ ಹೀಗೆ ಮಾತಾಡಿದರು:

"ನಮಸ್ಕಾರ ಅಮ್ಮ. ಎದುರು ಮನೆ ತೋಟ ನಾವೇ ನೋಡಿಕೊಳ್ಳೋದು. ನಿಮ್ಮ ದಾಸವಾಳಕ್ಕೆ ಬಿಳಿ ಹಿಟ್ಟಿನ ಥರ ಹುಳ ಹತ್ತಿದೆ."

"ಹೌದಾ? ಮೊಗ್ಗು ಉದುರ್ತಾ ಇದೆ, ಯಾಕೆ ಅಂತ ಗೊತ್ತಾಗಲಿಲ್ಲ ಕಣಮ್ಮ."

"ಹೆಚ್ಚು ಹತ್ತಿರೋ ತುದಿ ಕತ್ತರಿಸಿ ಚೀಲಕ್ಕೆ ಹಾಕಿ ಬಿಸಾಕಿ. ಉಳಿದದ್ದಕ್ಕೆ ನೀರು ಜೋರಾಗಿ ಹೊಡೀರಿ. ಆಮೇಲೆ ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಂದು ಸಲ."

"ನೀವೇ ಮಾಡಿಕೊಡ್ತೀರಾ?"

"ಮಾಡಿಕೊಡ್ತೀವಮ್ಮ. ಮಂಗಳವಾರ ಹೇಗೂ ಈ ಬೀದಿಗೆ ಬರ್ತೀವಿ."

ನೋಡಿ, ಅಕ್ಕ ಕೆಲಸ ಕೊಡಿ ಅಂತ ಕೇಳಲಿಲ್ಲ. ಗಿಡದ ಕಷ್ಟ ಹೇಳಿದರು. ಉಪಾಯವನ್ನೂ ಬಚ್ಚಿಡಲಿಲ್ಲ. ಕೆಲಸ ತಾನಾಗಿ ಬಂತು. ಇನ್ನೊಂದು ಲಾಭವೂ ಇದೆ. ಒಂದೇ ಬೀದಿಯಲ್ಲಿ ನಾಲ್ಕು ಮನೆ ಸಿಕ್ಕರೆ ಓಡಾಟ ಉಳಿಯಿತು. ದೂರದ ಬೀದಿಯ ನಾಲ್ಕು ಮನೆಗಿಂತ ಹತ್ತಿರದ ಮೂರು ಮನೆ ವಾಸಿ.

ಒಂದು ಎಚ್ಚರಿಕೆ. ಆ ಮನೆಗೆ ಬೇರೆ ಮಾಲಿ ಬರುತ್ತಿದ್ದರೆ ಅವರ ಕೆಲಸವನ್ನು ಹಳಿಯಬೇಡಿ. ಅವರೂ ನಮ್ಮಂತೆ ದುಡಿಯುವವರು. ಇವತ್ತು ಅವರನ್ನು ಹಳಿದರೆ ನಾಳೆ ನಮ್ಮನ್ನು ಹಳಿಯುವವರು ಬರುತ್ತಾರೆ.

ಯಾರ ಬಾಯಲ್ಲಿ ನಮ್ಮ ಹೆಸರು ಬರಬೇಕು?

ಮನೆ ಕಟ್ಟುವ ಮೇಸ್ತ್ರಿ. ಬಣ್ಣ ಹೊಡೆಯುವವರು. ನಲ್ಲಿ ಕೆಲಸದವರು. ಹೊಸ ಮನೆ ಮುಗಿಯೋದು ಇವರಿಗೆ ಎಲ್ಲರಿಗಿಂತ ಮುಂಚೆ ಗೊತ್ತಾಗುತ್ತದೆ. ಗೃಹಪ್ರವೇಶಕ್ಕೆ ಒಂದು ತಿಂಗಳು ಇರುವಾಗ ಮನೆಯವರು ಅಂಗಳದ ಕಡೆ ನೋಡುತ್ತಾರೆ. ಅಲ್ಲಿ ಇಟ್ಟಿಗೆ ಚೂರು, ಸಿಮೆಂಟು ಬಿದ್ದಿರುತ್ತದೆ. ಆಗ ಮೇಸ್ತ್ರಿಯ ಬಾಯಲ್ಲಿ ನಮ್ಮ ಹೆಸರು ಬರಬೇಕು. ನಮಗೂ ಮೇಸ್ತ್ರಿ ಬೇಕು ಅಂತ ಯಾರಾದರೂ ಕೇಳಿದರೆ ನಾವೂ ಅವರ ಹೆಸರು ಹೇಳಬೇಕು. ಕೊಟ್ಟು ತೆಗೆದುಕೊಂಡರೆ ನಂಟು ಉಳಿಯುತ್ತದೆ.

ನರ್ಸರಿಯವರು. ಜನ ಗಿಡ ಕೊಳ್ಳುತ್ತಾರೆ. ಆಮೇಲೆ, "ಇದನ್ನು ನೆಟ್ಟುಕೊಡುವವರು ಯಾರಾದರೂ ಇದ್ದಾರಾ?" ಅಂತ ಕೇಳುತ್ತಾರೆ. ನಾವು ಯಾವ ನರ್ಸರಿಯಿಂದ ಗಿಡ ತರುತ್ತೇವೋ ಅಲ್ಲಿ ಒಂದು ಚೀಟಿಯಲ್ಲಿ ಹೆಸರು, ನಂಬರು, ಯಾವ ಬಡಾವಣೆಗೆ ಬರುತ್ತೇವೆ ಅನ್ನೋದು ಬರೆದು ಕೊಟ್ಟಿರಬೇಕು.

ಅಪಾರ್ಟ್‌ಮೆಂಟಿನ ಸಂಘದವರು. ಇಲ್ಲಿ ಒಬ್ಬರು ಒಪ್ಪಿದರೆ ಸಾಲದು. ಸಭೆಯಲ್ಲಿ ಒಪ್ಪಬೇಕು. ಸಭೆಗೆ ಬಾಯಿ ಮಾತು ನಡೆಯೋಲ್ಲ. ಬರಹದಲ್ಲಿ ಅಂದಾಜು ಕೊಡಬೇಕು. ಅದರ ಬಗ್ಗೆ ಮುಂದೆ ಹೇಳುತ್ತೇವೆ.

ದೂರದ ಬಡಾವಣೆ ಅಂತ ಅಕ್ಕಂದಿರು ಹಿಂಜರಿಯಬೇಡಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾಯಿತು. ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಬಸ್ ಹೋಗುವ ಕಡೆಯೆಲ್ಲ ನಮ್ಮ ಗಿರಾಕಿ ಇರಬಹುದು.

ಕಾಲ ನೋಡಿ ಹೋಗಿ

ಬಿತ್ತನೆಗೆ ಕಾಲ ಇರುವ ಹಾಗೆ ಗಿರಾಕಿಗೂ ಕಾಲ ಇದೆ.

ಮೇ ತಿಂಗಳ ಕೊನೆ: ಮುಂಗಾರಿಗೆ ಮುಂಚೆ ಹೋಗಿ. ಗುಂಡಿ ತೆಗೆದು ಗೊಬ್ಬರ ಹಾಕಿಡಲು ಇದು ಸಮಯ. ಮಳೆ ಬಿದ್ದ ಮೇಲೆ ಎಲ್ಲರೂ ಕರೆಯುತ್ತಾರೆ, ಆಗ ನಮಗೆ ಕೈ ಸಾಲದು.

ಆಗಸ್ಟ್ ಮತ್ತು ಜನವರಿ: ಸ್ವಾತಂತ್ರ್ಯೋತ್ಸವಕ್ಕೆ, ಗಣರಾಜ್ಯೋತ್ಸವಕ್ಕೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ನೋಡಿದ ಜನ ಆಸೆಪಟ್ಟು ಗಿಡ ತರುತ್ತಾರೆ. ಹದಿನೈದು ದಿನ ಆದ ಮೇಲೆ ಗಿಡ ಬಾಡುತ್ತದೆ. ಆಗ ಅವರಿಗೆ ನಾವು ಬೇಕು.

ಸೆಪ್ಟೆಂಬರ್, ಅಕ್ಟೋಬರ್: ಚಳಿಗಾಲದ ಹೂವಿಗೆ ಸಸಿ ಮಾಡುವ ಕಾಲ. ಆಯುಧ ಪೂಜೆಗೆ, ದೀಪಾವಳಿಗೆ ಮನೆ ಮುಂದೆ ಚೊಕ್ಕ ಆಗಬೇಕು ಅಂತ ಎಲ್ಲರಿಗೂ ಆಸೆ.

ಮೈಸೂರಿನ ಕಡೆಯವರಿಗೆ ದಸರಾ ಇದೆ. ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ಆಗುತ್ತದೆ. ಇಂಥ ಪ್ರದರ್ಶನಗಳ ಜೊತೆ ಮನೆ ತೋಟಗಳ ಸ್ಪರ್ಧೆಯನ್ನೂ ನಡೆಸುವುದುಂಟು. ನಾವು ನೋಡಿಕೊಳ್ಳುವ ತೋಟವನ್ನು ಸ್ಪರ್ಧೆಗೆ ಹಾಕಿ ಅಂತ ಮನೆಯವರಿಗೆ ಹೇಳಬೇಕು. ಬಹುಮಾನ ಅವರಿಗೆ. ಹೆಸರು ನಮಗೆ.

ಬೇಸಿಗೆ ಬಂದಾಗ

ಈಗ ಕಷ್ಟದ ಮಾತು.

2023ರಲ್ಲಿ ಮಳೆ ಸರಿಯಾಗಿ ಆಗಲಿಲ್ಲ. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದವು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಒಂದು ಆದೇಶ ಮಾಡಿತು. ಕುಡಿಯುವ ನೀರನ್ನು ತೋಟಕ್ಕೆ ಹಾಕಬಾರದು, ಗಾಡಿ ತೊಳೆಯಬಾರದು. ತಪ್ಪಿದರೆ 5,000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲಿ ಮತ್ತೆ ಅಂಥದೇ ಆದೇಶ ಬಂತು.

ಆದೇಶ ಸರಿಯೇ. ಕುಡಿಯೋಕೆ ನೀರಿಲ್ಲದಾಗ ಹುಲ್ಲಿಗೆ ನೀರು ಸುರಿಯೋದು ನ್ಯಾಯ ಅಲ್ಲ. ನಾವಿರುವ ಬೀದಿಯಲ್ಲೂ ಕೊಡ ಹಿಡಿದು ಸಾಲು ನಿಂತಿದ್ದೆವು. ಆದರೆ ನಮಗೆ ಫೋನಿನ ಮೇಲೆ ಫೋನು. "ಈ ತಿಂಗಳಿಂದ ಬರಬೇಡಿ." "ಮಳೆ ಬಂದ ಮೇಲೆ ನೋಡೋಣ." ಮಕ್ಕಳ ಶಾಲೆ ಫೀಸು ಕಟ್ಟುವ ಕಾಲ ಹತ್ತಿರ. ಕೆಲಸ ಒಂದೊಂದೇ ಕೈ ಬಿಡುತ್ತಿತ್ತು.

ಆರೂ ಜನ ಕೂತು ಯೋಚನೆ ಮಾಡಿದೆವು. ಜನರಿಗೆ ಬೇಡವಾದದ್ದು ತೋಟವಾ, ನೀರಿನ ಖರ್ಚಾ? ನೀರಿನ ಖರ್ಚು. ಹಾಗಾದರೆ ನೀರು ಉಳಿಸುವ ಕೆಲಸವನ್ನೇ ಮಾಡಿಕೊಡೋಣ. ಒಂದು ಹಾಳೆಯ ಮೇಲೆ ಐದು ಸಾಲು ಬರೆದೆವು:

1. ಹುಲ್ಲುಹಾಸನ್ನು ಅರ್ಧ ಕಡಿಮೆ ಮಾಡುತ್ತೇವೆ. ಎಲ್ಲಕ್ಕಿಂತ ಹೆಚ್ಚು ನೀರು ಕುಡಿಯೋದು ಹುಲ್ಲು.
2. ಗಿಡದ ಬುಡಕ್ಕೆ ಒಣ ಎಲೆ ದಪ್ಪಗೆ ಹೊದಿಸುತ್ತೇವೆ. ಬಿಸಿಲಿಗೆ ಮಣ್ಣು ಬೇಗ ಒಣಗುವುದಿಲ್ಲ.
3. ಕುಂಡಗಳನ್ನು ನೆರಳಿಗೆ ತಂದು ಒತ್ತೊತ್ತಾಗಿ ಇಡುತ್ತೇವೆ.
4. ಅಕ್ಕಿ, ತರಕಾರಿ ತೊಳೆದ ನೀರನ್ನು ಹಿಡಿದಿಡಿ. ಅದನ್ನು ಬೆಳಿಗ್ಗೆ ಅಥವಾ ಸಂಜೆ ಚೊಂಬಿನಲ್ಲಿ ಬುಡಕ್ಕೆ ಹಾಕಿ. ಪೈಪು ಬೇಡ.
5. ಮುಂದಿನ ಮಳೆಗೆ ಕಡಿಮೆ ನೀರಿನ ಗಿಡ ಹಾಕುತ್ತೇವೆ. ಕಾಗದದ ಹೂ, ದೇವಕಣಗಿಲೆ, ಲೋಳೆಸರ.

ಈ ಹಾಳೆ ಹಿಡಿದು, ಬೇಡ ಅಂದ ಮನೆಗಳಿಗೇ ಮೊದಲು ಹೋದೆವು. ಎಲ್ಲರೂ ಒಪ್ಪಲಿಲ್ಲ. ಒಪ್ಪಿದ ಮನೆಗಳಲ್ಲಿ ಗಿಡ ಉಳಿಯಿತು. ಬೀದಿಯೆಲ್ಲ ಒಣಗಿರುವಾಗ ಒಂದು ಅಂಗಳ ಹಸಿರಾಗಿದ್ದರೆ ಹೋಗಿ ಬರುವವರು ನಿಂತು ನೋಡುತ್ತಾರೆ. "ನೀರು ಎಲ್ಲಿಂದ ತರ್ತೀರಿ?" ಅಂತ ಕೇಳುತ್ತಾರೆ. ಹಾಗೆ ಕೇಳಿದವರಲ್ಲಿ ಕೆಲವರು ಜೂನ್‌ನಲ್ಲಿ ನಮ್ಮ ಹೊಸ ಗಿರಾಕಿಗಳಾದರು.

ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ದಾರಿ ಇದೆ. ಎಷ್ಟೋ ಕಡೆ ಬಳಸಿದ ನೀರನ್ನು ಶುದ್ಧ ಮಾಡುವ ಘಟಕ ಇರುತ್ತದೆ. ಆ ನೀರು ತೋಟಕ್ಕೆ ಆಗುತ್ತದೆ. "ನಿಮ್ಮಲ್ಲಿ ಆ ನೀರು ತೋಟಕ್ಕೆ ಬರುತ್ತಾ?" ಅಂತ ಕೇಳಿ. ಹಾಗೆ ಕೇಳುವ ಮಾಲಿಗೆ ಕೆಲಸ ಗೊತ್ತಿದೆ ಅಂತ ಅವರಿಗೆ ತಿಳಿಯುತ್ತದೆ.

ಬರೆದಿಡಿ

ಅಕ್ಷರ ಕಲಿತದ್ದು ಈಗ ಕೆಲಸಕ್ಕೆ ಬರುತ್ತದೆ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಒಂದು ಮನೆಗೆ ಒಂದು ಪುಟ. ಹೀಗೆ ಬರೆಯಿರಿ:

ಮನೆಯವರ ಹೆಸರು, ಬೀದಿ, ಫೋನು.
ಯಾವ ದಿನ ಏನು ಕೆಲಸ ಮಾಡಿದೆವು.
ಎಷ್ಟು ಹಣ ಬಂತು, ಎಷ್ಟು ಬಾಕಿ.
ಮತ್ತೆ ಯಾವಾಗ ಹೋಗಬೇಕು.
ಈ ಮನೆಗೆ ನಮ್ಮನ್ನು ಯಾರು ಹೇಳಿ ಕಳಿಸಿದರು.

ಕೊನೆಯ ಸಾಲು ಬಹಳ ಮುಖ್ಯ. ಒಂದು ವರ್ಷ ಬರೆದ ಮೇಲೆ ನಾವು ಪುಟ ತಿರುಗಿಸಿ ಎಣಿಸಿದೆವು. ಹೊಸ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆ ಗಿರಾಕಿಗಳು ಹೇಳಿ ಕಳಿಸಿದ್ದು. ಆಮೇಲೆ ನರ್ಸರಿ, ಆಮೇಲೆ ಮೇಸ್ತ್ರಿ. ಗೇಟಿಗೆ ಸಿಕ್ಕಿಸಿ ಬಂದ ಚೀಟಿಯಿಂದ ಬಂದದ್ದು ತೀರ ಕಡಿಮೆ. ಪುಸ್ತಕ ಇಲ್ಲದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಈಗ ನಾವು ಚೀಟಿಗೆ ಖರ್ಚು ಮಾಡೋಲ್ಲ. ಹೇಳಿ ಕಳಿಸಿದ ಮನೆಗೆ ಮುಂದಿನ ಸಲ ಹೋದಾಗ ಒಂದು ತುಳಸಿ ಸಸಿಯೋ, ಕರಿಬೇವಿನ ಸಸಿಯೋ ಕೊಟ್ಟು ಬರುತ್ತೇವೆ.

ಹೊಸ ಕೆಲಸಕ್ಕೆ ಅಂದಾಜು ಚೀಟಿ ಬರೆದು ಕೊಡಿ. ಮೊದಲು ಅಳತೆ. ಅಂಗಳ 20 ಅಡಿ ಉದ್ದ, 10 ಅಡಿ ಅಗಲ ಇದ್ದರೆ 20 × 10 = 200 ಚದರ ಅಡಿ. ಆಮೇಲೆ ಕೆಮ್ಮಣ್ಣು ಎಷ್ಟು, ಗೊಬ್ಬರ ಎಷ್ಟು, ಗಿಡ ಎಷ್ಟು, ಕೂಲಿ ಎಷ್ಟು ದಿನ. ಒಂದೊಂದಕ್ಕೂ ಬೆಲೆ ಬರೆಯಿರಿ. ಕೆಳಗೆ ಒಟ್ಟು ಬರೆಯಿರಿ. ಹಣ ಮೂರು ಕಂತು. ಸಾಮಾನು ತರುವಾಗ ಒಂದು, ಅರ್ಧ ಕೆಲಸಕ್ಕೆ ಒಂದು, ಮುಗಿದ ದಿನ ಒಂದು. ಎರಡು ಪ್ರತಿ ಮಾಡಿ. ಅವರ ಸಹಿ ನಮ್ಮ ಪ್ರತಿಗೆ, ನಮ್ಮ ಸಹಿ ಅವರ ಪ್ರತಿಗೆ.

ಚೀಟಿ ಇದ್ದರೆ "ನೀವು ಯಾರು?" ಅಂತ ಯಾರೂ ಕೇಳೋಲ್ಲ.

ಕೈಯಲ್ಲಿರುವ ಫೋನು

ಜನ ಫೋನಿನಲ್ಲಿ ನಮ್ಮ ನಂಬರನ್ನು "ಮಾಲಿ" ಅಂತ ಇಟ್ಟುಕೊಂಡಿರುತ್ತಾರೆ. ಅವರ ಫೋನಿನಲ್ಲಿ ಮೂರು ಮಾಲಿ ಇರಬಹುದು. "ಅಮ್ಮ, ನನ್ನ ಹೆಸರು ಸೇರಿಸಿ ಇಟ್ಟುಕೊಳ್ಳಿ" ಅಂತ ಹೇಳಿ. ನಾಚಿಕೆ ಬೇಡ.

ನಂಬರು ಬದಲಾಯಿಸಬೇಡಿ. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಹೊಸ ಸಿಮ್ ಹಾಕಿದರೆ ಹಳೆ ಗಿರಾಕಿ ಎಲ್ಲ ಹೋದ ಹಾಗೆ. ಕಂಪನಿ ಬದಲಾಯಿಸಿದರೂ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಅಂಗಡಿಯಲ್ಲಿ ಕೇಳಿ.

ಕೆಲಸ ಶುರು ಮಾಡುವ ಮುಂಚೆ ಒಂದು ಫೋಟೊ, ಮುಗಿದ ಮೇಲೆ ಒಂದು ಫೋಟೊ ತೆಗೆಯಿರಿ. ಎರಡನ್ನೂ ಜೋಡಿಸಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಹೊಸಬರಿಗೆ ನಮ್ಮ ಕೆಲಸ ತಿಳಿಯುತ್ತದೆ. ಮನೆಯವರನ್ನು ಕೇಳಿಯೇ ತೆಗೆಯಬೇಕು. ಮನೆ ನಂಬರು, ಮಕ್ಕಳ ಮುಖ ಫೋಟೊದಲ್ಲಿ ಬರಬಾರದು.

ಹೆಸರು ಕೆಡದಿರಲಿ

ಗಿರಾಕಿ ತರುವುದು ಹೆಸರು. ಕಳೆಯುವುದೂ ಹೆಸರೇ.

ನಮ್ಮ ಕೈಯಿಂದ ನೆಟ್ಟ ಗಿಡ ಒಂದು ತಿಂಗಳೊಳಗೆ ಸತ್ತರೆ ಬದಲಿ ಗಿಡ ಕೊಡುತ್ತೇವೆ. ಇದನ್ನು ಚೀಟಿಯಲ್ಲೇ ಬರೆದಿರುತ್ತೇವೆ.

ಕಣಗಿಲೆಗೆ ನೀರು ಕಡಿಮೆ ಸಾಕು, ಹೂವೂ ಚೆನ್ನ. ಆದರೆ ಅದರ ಎಲೆ, ಹೂ, ಬೀಜ ಎಲ್ಲ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ ಅಂತ ನಾವೇ ಹೇಳುತ್ತೇವೆ. ಒಂದು ಗಿಡದ ವ್ಯಾಪಾರ ಹೋಗುತ್ತದೆ. ನಂಬಿಕೆ ಉಳಿಯುತ್ತದೆ.

"ಈ ಮರ ಕಡಿದುಬಿಡಿ" ಅಂತ ಕೆಲವರು ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ 1976ರಿಂದ ಮರ ಕಾಪಾಡುವ ಕಾನೂನು ಇದೆ. ಸ್ವಂತ ಜಾಗದಲ್ಲಿದ್ದರೂ ಎಷ್ಟೋ ಜಾತಿಯ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು. "ಅನುಮತಿ ಪತ್ರ ತನ್ನಿ, ಆಮೇಲೆ ಮಾಡೋಣ" ಎನ್ನಿ.

ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಓದಿದ ಮಕ್ಕಳಿದ್ದರೆ ತೋಟಗಾರಿಕೆ ಇಲಾಖೆಯನ್ನು ಕೇಳಿ. ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ನಡೆಸುತ್ತಾರೆ. ಕಲಿತವರು ಒಬ್ಬರು ಜೊತೆಗಿದ್ದರೆ ಗುಂಪಿಗೆ ಬಲ.

ಅಕ್ಕಂದಿರೇ, ಅಣ್ಣಂದಿರೇ, ಗಿರಾಕಿ ಆಕಾಶದಿಂದ ಉದುರುವುದಿಲ್ಲ. ಇವತ್ತು ನಾವು ಗುಡಿಸಿ ಬಂದ ಗೇಟಿನ ಎದುರಿಗೇ ಇರುತ್ತಾರೆ. ಮಾತಾಡಿಸೋಣ. ಬರೆದಿಡೋಣ. ಹೇಳಿದ ದಿನ ಹೋಗೋಣ.

ನೆನಪಿಡಿ

ಹೊಸ ತೋಟ ಮುಗಿದ ದಿನವೇ ತಿಂಗಳ ನಿಗಾ ಕೇಳಿ.
ಮೊದಲು ಅಕ್ಕಪಕ್ಕದ ಐದು ಮನೆ.
ಬೇಸಿಗೆಯಲ್ಲಿ ನೀರು ಉಳಿಸುವ ಕೆಲಸ ಮಾಡಿಕೊಡಿ.
ಅಂದಾಜು ಬರಹದಲ್ಲಿ ಇರಲಿ.
ಫೋನ್ ನಂಬರು ಬದಲಾಯಿಸಬೇಡಿ.

ಮಾಡಿ ನೋಡಿ

1. ನೀವು ಕೆಲಸ ಮಾಡುವ ಮೂರು ಮನೆಗಳ ಹೆಸರು ಬರೆಯಿರಿ. ಅಲ್ಲಿಗೆ ನಿಮ್ಮನ್ನು ಯಾರು ಕಳಿಸಿದರು? ಅದನ್ನೂ ಬರೆಯಿರಿ.
2. ಒಂದು ಅಂಗಳ 15 ಅಡಿ ಉದ್ದ, 12 ಅಡಿ ಅಗಲ ಇದೆ. ಎಷ್ಟು ಚದರ ಅಡಿ?
3. ನಿಮ್ಮ ಹೆಸರು, ನಂಬರು, ಮಾಡುವ ಕೆಲಸ ಬರೆದು ನರ್ಸರಿಗೆ ಕೊಡುವ ಒಂದು ಚೀಟಿ ತಯಾರಿಸಿ.